ಟೇಪಮ್ಮನ ಎರಡು ಇಂಚು

ಟೇಪಮ್ಮನ ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆ. ಬೀದಿ ಕಡೆಯ ಬಾಗಿಲಿಗೆ ಎರಡು ರೆಕ್ಕೆ. ಒಂದನ್ನು ತೆರೆದಿಡುತ್ತಾರೆ, ಇನ್ನೊಂದರ ಹಿಂದೆ ಆಗೆಲ್ಲ ಹೊಲಿದು ಮುಗಿದ ನೀಲಿ ಸ್ಕರ್ಟುಗಳು ಒಂದರ ಮೇಲೊಂದು ತೂಗುತ್ತಿದ್ದವು. ಬೆಳಕು ಎಡಗಡೆಯಿಂದ ಬೀಳುವ ಹಾಗೆ ಹೊಲಿಗೆ ಮಿಷನ್ನು ಇಟ್ಟಿದ್ದಾರೆ. ಗೋಡೆಗೆ ಆನಿಸಿದ ಇಸ್ತ್ರಿ ಮೇಜು, ಅದರ ಕೆಳಗೆ ಚಿಂದಿ ತುಂಬಿದ ಡಬ್ಬ, ಪಕ್ಕದ ಸ್ಟೂಲಿನ ಮೇಲೆ ಅಳತೆ ಪುಸ್ತಕ. ಕೊರಳಲ್ಲಿ ಟೇಪು ಇಲ್ಲದ ಅವರನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿಲ್ಲ. ಅವರ ಯಜಮಾನರು ಮಾತ್ರ, "ನಾನು ನೋಡಿದೀನಿ, ಮದುವೆ ಫೋಟೋದಲ್ಲಿ" ಎನ್ನುತ್ತಿದ್ದರು.

ಬೀದಿ ತುದಿಯ ಹೆಣ್ಣುಮಕ್ಕಳ ಪ್ರೌಢಶಾಲೆಗೆ ಇಪ್ಪತ್ತೆರಡು ವರ್ಷ ಸಮವಸ್ತ್ರ ಹೊಲಿದವರು ಅವರು. ನಾನೂ ಅವರು ಹೊಲಿದ ಸ್ಕರ್ಟು ತೊಟ್ಟೇ ಆ ಶಾಲೆ ಮುಗಿಸಿದವಳು. ಅಳತೆ ಪುಸ್ತಕದಲ್ಲಿ ಹೆಸರು ಬರೆಯುವ ಅಭ್ಯಾಸ ಅವರಿಗಿಲ್ಲ. "ಒಂದೇ ಹೆಸರಿನೋರು ತರಗತಿಗೆ ನಾಲ್ಕು ಜನ ಇರ್ತಾರೆ. ಮೈ ಮಾತ್ರ ಒಬ್ಬೊಬ್ಬರದು ಒಂದೊಂದು ಥರ" ಎನ್ನುವುದು ಅವರ ವಾದ. ಹಾಗಾಗಿ ಪುಟದ ಮೇಲೆ, 'ಉಗುರು ಕಚ್ಚುವವಳು', 'ಬೇಕರಿ ಮನೆಯ ಎರಡನೆಯವಳು', 'ಎಡ ಭುಜ ಇಳಿಜಾರು, ಚೀಲ ಭಾರ' ಎಂದೆಲ್ಲ ಇರುತ್ತದೆ. ನನ್ನ ಪುಟದಲ್ಲಿ, 'ನಿಂತಲ್ಲಿ ನಿಲ್ಲುವುದಿಲ್ಲ' ಎಂದಿದೆ.

ಬೆಳೆಯುವ ಹುಡುಗಿಯರ ಸ್ಕರ್ಟಿಗೆ ಅವರು ಎರಡು ಇಂಚು ಬಟ್ಟೆಯನ್ನು ಹೆಚ್ಚಾಗಿ ಬಿಟ್ಟು, ಕೆಳಗೆ ಒಳಮಡಿಕೆ ಮಾಡಿ ಕೈಹೊಲಿಗೆ ಹಾಕುತ್ತಿದ್ದರು. ಅದಕ್ಕೆ 'ಬೆಳೆಯೋ ಮಡಿಕೆ' ಎಂದು ಅವರೇ ಇಟ್ಟ ಹೆಸರು. ಅರ್ಧ ವರ್ಷದ ರಜೆ ಬಂತೆಂದರೆ ಹುಡುಗಿಯರು ಸ್ಕರ್ಟು ಹಿಡಿದು ಸಾಲಾಗಿ ಬರುತ್ತಿದ್ದರು. ಟೇಪಮ್ಮ ಹೊಲಿಗೆ ಬಿಚ್ಚಿ, ಬೇಕಾದಷ್ಟು ಇಳಿಸಿ, ಇಸ್ತ್ರಿ ಮಾಡಿ ಕೊಡುತ್ತಿದ್ದರು. ಅದಕ್ಕೆ ಕೂಲಿ ಇರಲಿಲ್ಲ. "ಬೆಳೆದಿದ್ದಕ್ಕೆ ಯಾರಾದ್ರೂ ದುಡ್ಡು ತಗೋತಾರಾ?" ಎನ್ನುತ್ತಿದ್ದರು.

ಮೊದಲು ಅವರು ಗಂಡಸರ ಬಟ್ಟೆ ಹೊಲಿಯುವ ಅಂಗಡಿಯಲ್ಲಿದ್ದರು. ಹದಿನೆಂಟನೆಯ ವಯಸ್ಸಿಗೆ ಪ್ಯಾಂಟಿನ ಅಂಚು ಮಡಿಚುವುದರಲ್ಲಿ ಅವರಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲವಂತೆ. ಒಂದು ದಿನ ಒಳಗಿನ ಕೋಣೆಯಲ್ಲಿ ಗಿರಾಕಿಯೊಬ್ಬ ಅವರ ಕೈ ಹಿಡಿದುಕೊಂಡ. ಅಂಗಡಿ ಮಾಸ್ತರರು, "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದರು. ಮನೆಯಲ್ಲಿ ತಾಯಿ, "ಒಳಗಿನ ಕೋಣೆಗೆ ನೀನ್ಯಾಕೆ ಹೋದೆ?" ಎಂದರು. ಇಸ್ತ್ರಿ ಪೆಟ್ಟಿಗೆ ತರಲು ಹೋಗಿದ್ದರು. ಆ ಗಿರಾಕಿ ಅಲ್ಲಿಗೆ ಯಾಕೆ ಬಂದಿದ್ದ ಎಂದು ಯಾರೂ ಕೇಳಲಿಲ್ಲ. ಮಾರನೆಯ ದಿನದಿಂದ ಅವರು ಕೆಲಸಕ್ಕೆ ಹೋಗಲಿಲ್ಲ, ಗಿರಾಕಿ ಅದೇ ಅಂಗಡಿಯಲ್ಲಿ ಇನ್ನೂ ಹತ್ತು ವರ್ಷ ಬಟ್ಟೆ ಹೊಲಿಸಿಕೊಂಡ. ಈ ಕತೆಯನ್ನು ಟೇಪಮ್ಮ ಯಾರಿಗೂ ಹೇಳಿರಲಿಲ್ಲ. ನಾನು ಕೇಳಿದ್ದೂ ನಲ್ಲಿಯಣ್ಣನ ಮಗಳ ವಿಷಯವೆಲ್ಲ ಮುಗಿದ ಮೇಲೆ.

ನಲ್ಲಿಯಣ್ಣ ಎಂದರೆ ನಮ್ಮ ಬೀದಿಯ ನಲ್ಲಿ, ಪೈಪು ರಿಪೇರಿ ಮಾಡುವವರು. ಅವರ ಮಗಳು ಹತ್ತನೇ ತರಗತಿಯಲ್ಲಿದ್ದಳು. ಆ ವರ್ಷ ಅರ್ಧ ವರ್ಷದ ರಜೆಯಲ್ಲೇ ಟೇಪಮ್ಮನ ಕಣ್ಣಿನ ಪೊರೆ ತೆಗೆಸಿದರು. ಸ್ಕರ್ಟು ಹಿಡಿದು ಬಂದ ಹುಡುಗಿಗೆ, "ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಬಾರೇ" ಎಂದು ಹೇಳಿ ಕಳಿಸಿದರು. ಆಮೇಲೆ ಬೆಳಗ್ಗೆ ಸಂಜೆ ವಿಶೇಷ ತರಗತಿಗಳು ಶುರುವಾದವು. ಅವಳಿಗೂ ಮರೆತುಹೋಯಿತು, ಇವರಿಗೂ ಮರೆತುಹೋಯಿತು. ಹುಡುಗಿ ಮಾತ್ರ ಬೆಳೆಯುವುದನ್ನು ಮರೆಯಲಿಲ್ಲ.

ಪರೀಕ್ಷೆಗೆ ಒಂದು ತಿಂಗಳಿದ್ದಾಗ ಪ್ರವೇಶಪತ್ರಕ್ಕೆ ಅಂಟಿಸುವ ಫೋಟೋ ಕೊಡಲು ಅವಳು ಮೇಲಿನ ಮಹಡಿಯ ಕಚೇರಿಗೆ ಹೋದಳು. ಅಲ್ಲಿದ್ದ ಗುಮಾಸ್ತ ಅವಳ ತೋಳು ಹಿಡಿದು ಬಾಗಿಲಿಗೆ ಅಡ್ಡ ನಿಂತ. ಅವಳು ಅವನನ್ನು ತಳ್ಳಿ, ಒಂದೇ ಉಸಿರಿಗೆ ಮೆಟ್ಟಿಲಿಳಿದು ಬಂದು ತರಗತಿಯ ಟೀಚರಿಗೆ ಹೇಳಿದಳು. ಇಷ್ಟು ನಡೆದದ್ದು. ಉಳಿದದ್ದನ್ನೆಲ್ಲ ಊರು ಸೇರಿಸಿತು.

"ಒಬ್ಬಳೇ ಯಾಕೆ ಮೇಲೆ ಹೋಗ್ಬೇಕಿತ್ತು?"

"ಒಂದು ಫೋಟೋ ಕೊಡೋಕೆ ಪಟಾಲಂ ಕಟ್ಕೊಂಡು ಹೋಗ್ಬೇಕಿತ್ತಾ?"

"ಅಲ್ಲ ಕಣೇ, ಆ ಮನುಷ್ಯನಿಗೆ ಎರಡು ಮಕ್ಕಳಿದಾವೆ."

"ಹಾಗಾದ್ರೆ ಮಕ್ಕಳಾದೋರ ಕೈ ತಾನಾಗೇ ಸುಮ್ನಿರುತ್ತೆ ಅನ್ನು."

"ನೀನು ಬಿಡು, ಅಡ್ಡಮಾತು. ಅವಳ ಸ್ಕರ್ಟು ನೋಡಿದೀಯಾ? ಎಷ್ಟು ಮೇಲಿದೆ."

ಸ್ಕರ್ಟಿನ ಮಾತು ಎಲ್ಲಿಂದ ಹುಟ್ಟಿತೋ, ಎರಡೇ ದಿನದಲ್ಲಿ ಶಾಲೆಯ ಆಡಳಿತ ಮಂಡಳಿಯ ಮೇಜಿನ ಮೇಲೆ ಬಂದು ಕುಳಿತಿತು. ಮಂಡಳಿಯ ಅಧ್ಯಕ್ಷರಿಗೆ ಸಿಮೆಂಟಿನ ವ್ಯಾಪಾರ, ಗುಮಾಸ್ತ ಅವರ ಷಡ್ಡಕ. ಅವರು ಒಂದು ಕಾಗದ ತಯಾರು ಮಾಡಿಸಿದರು: ನಾನು ನಿಯಮ ಮೀರಿದ ಉಡುಪು ತೊಟ್ಟಿದ್ದರಿಂದ ಈ ಪ್ರಸಂಗಕ್ಕೆ ಎಡೆಯಾಯಿತು, ಇದಕ್ಕೆ ವಿಷಾದಿಸುತ್ತೇನೆ. ಅದಕ್ಕೆ ಹುಡುಗಿ ಸಹಿ ಹಾಕಬೇಕು. ಹಾಕುವವರೆಗೆ ತರಗತಿಯಿಲ್ಲ, ಪರೀಕ್ಷೆಯ ಪ್ರವೇಶಪತ್ರವೂ ಇಲ್ಲ. ಅವಳು ಹಾಕುವುದಿಲ್ಲ ಎಂದಳು. ಸೋಮವಾರ ಸಭೆ ಕರೆದು, ಅಳತೆ ಪುಸ್ತಕ ತೆಗೆದುಕೊಂಡು ಬರುವಂತೆ ಟೇಪಮ್ಮನಿಗೂ ಹೇಳಿ ಕಳಿಸಿದರು.

ಶನಿವಾರ ಮಧ್ಯಾಹ್ನ ನಲ್ಲಿಯಣ್ಣ ಪತ್ರಿಕೆಯಲ್ಲಿ ಸುತ್ತಿದ ಸ್ಕರ್ಟು ಹಿಡಿದು ಟೇಪಮ್ಮನ ಕೋಣೆಗೆ ಬಂದರು. ಹಿಂದೆ ಮಗಳು.

"ಅಕ್ಕಾ, ಇದರ ಮಡಿಕೆ ಬಿಚ್ಚಿ ಎರಡಿಂಚು ಇಳಿಸಿಕೊಡಿ. ಸೋಮವಾರ ಮೊದಲಿಂದ್ಲೂ ಹೀಗೇ ಇತ್ತು ಅಂದುಬಿಡೋಣ."

ಟೇಪಮ್ಮ ಸ್ಕರ್ಟನ್ನು ಬೆಳಕಿಗೆ ಹಿಡಿದರು. "ಬಿಚ್ಚಿದ್ರೆ ಗೊತ್ತಾಗುತ್ತಪ್ಪ. ಹೊರಗಿನ ಬಟ್ಟೆ ಒಗೆದು ಒಗೆದು ಮಾಸಿದೆ, ಮಡಿಕೆ ಒಳಗಿನದು ಅಂಗಡಿಯಿಂದ ತಂದ ಹಾಗೇ ಇದೆ. ಎರಡು ಬಣ್ಣ ಕಾಣುತ್ತೆ."

"ಏನಾದ್ರೂ ಮಾಡಿ. ನಿಮ್ಮ ಕೈಲಿ ಆಗದ್ದು ಏನಿದೆ?"

"ಅಂಚಿಗೆ ಒಂದು ಪಟ್ಟಿ ಕೊಟ್ಟರೆ ಮುಚ್ಚಬಹುದು" ಎಂದು ಟೇಪಮ್ಮ ಸೂಜಿಯ ತುದಿಯಿಂದ ಹೊಲಿಗೆ ಎತ್ತತೊಡಗಿದರು. ತಮ್ಮದೇ ಕೈಯ ಹೊಲಿಗೆ. ಒಂದೊಂದೂ ಸಣ್ಣ ಅಕ್ಕಿ ಕಾಳಿನಷ್ಟು. ಒಂದು ಗೇಣು ಬಿಚ್ಚಿದ ಮೇಲೆ, ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ ಹುಡುಗಿಯ ಕಡೆ ನೋಡಿದರು.

"ಯಾಕೇ, ಮಾತೇ ಇಲ್ಲ? ಬಾಯಿಗೂ ಹೊಲಿಗೆ ಹಾಕಿದೀನಾ ನಾನು?"

"ಅಜ್ಜಿ, ಒಂದು ಕೇಳ್ಲಾ?"

"ಅಜ್ಜಿ ಅನ್ಬೇಡ. ಪೊರೆ ತೆಗೆಸಿದ ಮೇಲೆ ನನಗೆ ಹರೆಯ ಬಂದಿದೆ. ಕೇಳು."

"ಎರಡಿಂಚು ಉದ್ದ ಇದ್ದಿದ್ರೆ ಅವನು ನನ್ನನ್ನ ಬಿಡ್ತಿದ್ದನಾ?"

ನಲ್ಲಿಯಣ್ಣ ತಲೆ ತಗ್ಗಿಸಿದರು. ಟೇಪಮ್ಮ ಹೊಲಿಗೆ ಎತ್ತುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ಸೂಜಿಯನ್ನು ಟೇಪಿನ ಅಂಚಿಗೆ ಚುಚ್ಚಿಟ್ಟು, ಸ್ಟೂಲಿನ ಮೇಲಿದ್ದ ಪುಸ್ತಕವನ್ನಲ್ಲ, ಕಪಾಟಿನ ತಳದಲ್ಲಿದ್ದ ಹಳೆಯ ಪುಸ್ತಕಗಳನ್ನು ಎಳೆದರು. ಬಹಳ ಹೊತ್ತು ಹಾಳೆ ತಿರುವಿದರು. ಆಮೇಲೆ ಸೂಜಿಗೆ ನೀಲಿ ದಾರ ಪೋಣಿಸಿ, ಬಿಚ್ಚಿದ ಒಂದು ಗೇಣಿನಷ್ಟನ್ನು ಇದ್ದ ಹಾಗೆಯೇ ಮತ್ತೆ ಹೊಲಿಯತೊಡಗಿದರು.

"ಅಕ್ಕಾ, ಏನು ಮಾಡ್ತಿದೀರಿ?" ನಲ್ಲಿಯಣ್ಣ ಒಂದು ಹೆಜ್ಜೆ ಮುಂದೆ ಬಂದರು. "ಅವಳ ವರ್ಷ ಹಾಳಾಗುತ್ತೆ. ನಮ್ಮಂಥೋರ ಮನೇಲಿ ಹತ್ತನೇ ತನಕ ಬಂದೋಳು ಇವಳೊಬ್ಬಳೇ. ಒಂದು ಸುಳ್ಳು ಹೇಳಿದ್ರೆ ಏನು ಗಂಟು ಹೋಗುತ್ತೆ?"

"ಇವಳು ಉಳೀತಾಳಪ್ಪ. ಉದ್ದ ಸರಿ ಇತ್ತು, ಅದಕ್ಕೇ ಇವಳದು ತಪ್ಪಿಲ್ಲ ಅಂತಾಗುತ್ತೆ. ನಾಳೆ ಇನ್ನೊಬ್ಬಳದು ನಿಜವಾಗ್ಲೂ ಒಂದಿಂಚು ಗಿಡ್ಡ ಇರುತ್ತಲ್ಲ, ಅವಳ ಗತಿ?"

"ನಾಳೆಯವಳ ಚಿಂತೆ ನಮಗ್ಯಾಕೆ?"

"ನಿನ್ನೆಯವಳ ಚಿಂತೆ ಯಾರೂ ಮಾಡದೆ ಇದ್ದದ್ದಕ್ಕೇ ಇವತ್ತು ನಿನ್ನ ಮಗಳ ಸರದಿ ಬಂದಿದ್ದು."

ದಾರವನ್ನು ಹಲ್ಲಿನಿಂದ ಕಡಿದು, ಸ್ಕರ್ಟನ್ನು ಹುಡುಗಿಯ ಕೈಗೆ ಕೊಟ್ಟರು. "ಸೋಮವಾರ ಇದನ್ನೇ ತಾ. ನಾನೂ ಬರ್ತೀನಿ."

ಸೋಮವಾರ ಸಭೆ ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿ ಸೇರಿತು. ಉದ್ದನೆಯ ಮೇಜಿನ ಆ ಬದಿ ಅಧ್ಯಕ್ಷರು, ಪಕ್ಕದಲ್ಲಿ ಮುಖ್ಯೋಪಾಧ್ಯಾಯಿನಿ, ಕೊನೆಯಲ್ಲಿ ಪೋಷಕರ ಪರವಾಗಿ ಔಷಧಿ ಅಂಗಡಿಯಾಕೆ. ಈ ಬದಿ ನಲ್ಲಿಯಣ್ಣ ಮತ್ತು ಮಗಳು. ಮೇಜಿನ ನಡುವೆ ಆ ನೀಲಿ ಸ್ಕರ್ಟು. ಅದರ ಪಕ್ಕ ಸಹಿಗೆ ಜಾಗ ಬಿಟ್ಟ ಕಾಗದ. ಹಳೆಯ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ತಂದ ಟೇಪಮ್ಮನ ಉಸಿರು ಇನ್ನೂ ಏರುತ್ತಿತ್ತು. ಔಷಧಿ ಅಂಗಡಿಯಾಕೆ ನೀರು ಕೊಟ್ಟರು. ಅಲ್ಲಿ ನಡೆದದ್ದನ್ನು ಆಮೇಲೆ ಬೀದಿಗೆಲ್ಲ ಹೇಳಿದವರೂ ಅವರೇ.

"ಕೂತ್ಕೊಳ್ಳಿ ಅಮ್ಮ" ಎಂದರು ಅಧ್ಯಕ್ಷರು. "ಒಂದೇ ನಿಮಿಷದ ಕೆಲಸ. ಈ ಸ್ಕರ್ಟಿನ ಅಳತೆ ಏನು ಬರೆದಿದೀರಿ, ಈಗ ಎಷ್ಟಿದೆ, ನೋಡಿ ಹೇಳಿಬಿಡಿ."

"ನೋಡೋದೇನೂ ಬೇಡ ಸಾರ್. ಎರಡಿಂಚು ಗಿಡ್ಡ ಇದೆ."

ನಲ್ಲಿಯಣ್ಣ ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರು ಕಾಗದವನ್ನು ಹುಡುಗಿಯ ಕಡೆ ಸರಿಸಿದರು. "ಸರಿ ಹಾಗಾದ್ರೆ. ಹೊಲಿದೋರೇ ಹೇಳಿದ ಮೇಲೆ ಇನ್ನೇನಿದೆ?"

"ಇನ್ನೂ ಇದೆ. ರಜೆಯಲ್ಲಿ ಮಡಿಕೆ ಇಳಿಸಬೇಕಾಗಿದ್ದವಳು ನಾನು. ಕಣ್ಣಿನ ಪಟ್ಟಿ ಕಟ್ಕೊಂಡು ಕೂತಿದ್ದೆ, ಇಳಿಸ್ಲಿಲ್ಲ. ಅದು ನನ್ನ ತಪ್ಪು."

"ಒಳ್ಳೇದಾಯ್ತು. ಹಾಗಂತ ನೀವೇ ಬರೆದುಕೊಡಿ. ಈ ಪ್ರಸಂಗಕ್ಕೆ ನಿಮ್ಮ ತಪ್ಪೇ ಕಾರಣ ಅಂತ. ಹುಡುಗೀನ ಬಿಟ್ಟುಬಿಡೋಣ, ಪಾಪ."

ಇದು ಹುಡುಗಿಗೆ ತೆರೆದ ಬಾಗಿಲಾಗಿತ್ತು. ಔಷಧಿ ಅಂಗಡಿಯಾಕೆ ಹೇಳುವಂತೆ, ಟೇಪಮ್ಮ ಒಂದು ಕ್ಷಣ ಆ ಹುಡುಗಿಯ ಮುಖವನ್ನೇ ನೋಡಿದರು. ಹುಡುಗಿ ಬೇಡ ಎಂಬಂತೆ ತಲೆಯಾಡಿಸಿದಳು.

"ಮಡಿಕೆ ಇಳಿಸದೆ ಇದ್ದದ್ದು ನನ್ನ ತಪ್ಪು ಅಂತ ಬರೆದುಕೊಡ್ತೀನಿ, ಈಗಲೇ ಕೊಡಿ ಕಾಗದ. ಆದ್ರೆ ಅವನು ಕೈ ಹಾಕಿದ್ದಕ್ಕೆ ಅದು ಕಾರಣ ಅಂತ ಮಾತ್ರ ಬರೆಯಲ್ಲ. ನನ್ನ ಕೈಹೊಲಿಗೆ ಬಗ್ಗೆ ನನಗೆ ಜಂಬ ಇದೆ ಸಾರ್. ಆದ್ರೂ ಅದು ಇನ್ನೊಬ್ಬರ ಕೈಯನ್ನ ಎತ್ತಿಸೋಷ್ಟು ಜೋರಾಗಿಲ್ಲ."

ಔಷಧಿ ಅಂಗಡಿಯಾಕೆ ನಕ್ಕುಬಿಟ್ಟರು. ಅಧ್ಯಕ್ಷರು ಅತ್ತ ತಿರುಗಿ ನೋಡಿದ ಮೇಲೆ ಕೆಮ್ಮಿದರು.

"ನೋಡಿ ಅಮ್ಮ, ದೊಡ್ಡೋರು ಸುಮ್ನೆ ಹೇಳಿಲ್ಲ. ಬಟ್ಟೆ ಹೋಗಿ ಮುಳ್ಳಿನ ಮೇಲೆ ಬಿದ್ರೂ, ಮುಳ್ಳು ಬಂದು ಬಟ್ಟೆ ಮೇಲೆ ಬಿದ್ರೂ ಹರಿಯೋದು ಬಟ್ಟೆನೇ. ಎಚ್ಚರವಾಗಿರಬೇಕಾದ್ದು ಯಾರು ಹೇಳಿ?"

"ಹರಿದ ಬಟ್ಟೆ ಹೊಲಿಯೋದು ನಲವತ್ತು ವರ್ಷದಿಂದ ನನ್ನ ಕಸುಬು. ನನಗೆ ಗೊತ್ತಿಲ್ವಾ ಹರಿಯೋದು ಯಾವುದು ಅಂತ? ಮುಳ್ಳು ಕೀಳೋ ಕಸುಬು ಯಾರದು ಅಂತ ಕೇಳೋಕೇ ಇವತ್ತು ಬಂದಿರೋದು."

ಅವರು ಚೀಲದಿಂದ ಒಂದು ಹಳೆಯ ಪುಸ್ತಕ ತೆಗೆದು, ಗುರುತಿಗೆ ಚಿಂದಿ ಇಟ್ಟಿದ್ದ ಪುಟ ತೆರೆದರು.

"ಇದು ಹದಿನೈದು ವರ್ಷದ ಹಿಂದಿನದು. ಆಗ ಸ್ಕರ್ಟು ಮಂಡಿ ಮುಚ್ಚಿದ್ರೆ ಸಾಕಿತ್ತು. ಗೇಟಿನ ಕಾವಲುಗಾರ ಒಬ್ಬಳನ್ನ ಪೀಡಿಸಿದ. ಮಂಡಿಯಿಂದ ನಾಲ್ಕು ಬೆರಳು ಇಳಿಸಿ ಅಂತ ನನಗೆ ಚೀಟಿ ಬಂತು, ಇಳಿಸಿದೆ. ಇಲ್ನೋಡಿ, ನಾನೇ ಬರೆದಿದೀನಿ, 'ಹೊಸ ನಿಯಮ'. ಈ ಇನ್ನೊಂದು ಪುಸ್ತಕ ಎಂಟು ವರ್ಷದ ಹಿಂದಿನದು. ಡ್ರಾಯಿಂಗ್ ಮೇಷ್ಟ್ರು. ಆಗ ಅರ್ಧ ಮೀನಖಂಡದ ತನಕ ಇಳಿಸಿ ಅಂದ್ರಿ, ಇಳಿಸಿದೆ. ಹುಡುಗಿಯರು ಗೊಣಗಿದ್ರೆ, 'ನೀವು ನೆಟ್ಟಗಿರಿ, ಎಲ್ಲಾ ನೆಟ್ಟಗಿರುತ್ತೆ' ಅಂತ ನಾನೇ ಬಾಯಿ ಮುಚ್ಚಿಸಿದೀನಿ. ಈಗ ಮೂರನೆಯವರು, ನಿಮ್ಮ ಗುಮಾಸ್ತರು. ಇನ್ನೆಲ್ಲಿಗೆ ಇಳಿಸಲಿ? ಇನ್ನು ಕೆಳಗೆ ನೆಲ."

ಟೇಪಮ್ಮ ಪುಸ್ತಕವನ್ನು ಮುಚ್ಚಲಿಲ್ಲ.

"ನಾಲ್ಕು ಬೆರಳು ಇಳಿಸಿದ ಕಾಲದಲ್ಲಿ ಈ ಸ್ಕರ್ಟು ತೊಟ್ಟಿದ್ರೆ, ಇದು ಬೇಕಾದ್ದಕ್ಕಿಂತ ಉದ್ದ ಇದೆ ಅಂತ ಇವಳನ್ನ ಹೊಗಳ್ತಿದ್ರಿ. ಅದೇ ಸ್ಕರ್ಟು ಈಗ ಗಿಡ್ಡ. ಹುಡುಗಿಯರ ಬಟ್ಟೆ ಎರಡು ಸಲ ಉದ್ದ ಆಯ್ತು ಸಾರ್. ಒಂದು ಸಲಾನಾದ್ರೂ ಆ ಕೈಗಳು ಗಿಡ್ಡ ಆದವಾ?"

"ಸಮವಸ್ತ್ರದ ಕೆಲಸ ನಿಮಗೆ ಕೊಟ್ಟಿರೋದು ನಾವು, ಅದು ನೆನಪಿರಲಿ" ಎಂದರು ಅಧ್ಯಕ್ಷರು. ಅವರ ದನಿ ಏರಿರಲಿಲ್ಲ.

"ನೆನಪಿದೆ. ನನ್ನ ಕೈಯಲ್ಲೇ ಮಾಡಿಸಿದಿರಲ್ಲ, ಅದಕ್ಕೇ ನಾನೇ ಹೇಳಬೇಕಾಯ್ತು." ಅವರು ಸುತ್ತ ನೋಡಿದರು. "ಹುಡುಗಿ ಇಲ್ಲಿದಾಳೆ. ಅವಳ ಸ್ಕರ್ಟು ಇಲ್ಲಿದೆ. ಅಳೆಯೋಳು ನಾನೂ ಬಂದಿದೀನಿ. ಅವರೆಲ್ಲಿ?"

"ಅವರು ಮನೇಲಿದಾರೆ. ಮನಸ್ಸಿಗೆ ತುಂಬಾ ನೋವಾಗಿದೆ."

"ಹೌದಾ" ಎಂದರು ಟೇಪಮ್ಮ.

ಅಲ್ಲಿಯವರೆಗೆ ಬಾಯಿ ಬಿಡದೆ ಕುಳಿತಿದ್ದ ಮುಖ್ಯೋಪಾಧ್ಯಾಯಿನಿ ಆಗ ಕೈ ಚಾಚಿ ಆ ಹಳೆಯ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಎಂಟು ವರ್ಷದ ಹಿಂದಿನ ಪುಟಕ್ಕೆ ಅಂಟಿಸಿದ್ದ ಚೀಟಿಯನ್ನು ಓದಿದರು.

"ಇದಕ್ಕೆ ಸಹಿ ಹಾಕಿದವಳು ನಾನು" ಎಂದರು. "ಆ ಹುಡುಗಿ ಆಮೇಲೆ ಶಾಲೆ ಬಿಟ್ಟಳು. ಡ್ರಾಯಿಂಗ್ ಮೇಷ್ಟ್ರಿಗೆ ನಾವು ಬೀಳ್ಕೊಡುಗೆ ಮಾಡಿ ಕಳಿಸಿದ್ವಿ."

ಅಧ್ಯಕ್ಷರು, "ಮೇಡಂ, ಅದೆಲ್ಲ ಈಗ್ಯಾಕೆ?" ಎಂದರು.

ಮುಖ್ಯೋಪಾಧ್ಯಾಯಿನಿ ಸಹಿಯ ಕಾಗದವನ್ನು ಮೇಜಿನಿಂದ ಎತ್ತಿಕೊಂಡರು. ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ತಮ್ಮ ಚೀಲದಲ್ಲಿಟ್ಟುಕೊಂಡು, "ಇದೂ ದೂರಿನ ಜೊತೆ ಹೋಗಲಿ" ಎಂದರು. ಡ್ರಾಯರಿನಿಂದ ಹೊಸ ಹಾಳೆ ತೆಗೆದು ಹುಡುಗಿಯನ್ನು ತಮ್ಮ ಪಕ್ಕಕ್ಕೆ ಕರೆದರು. "ಬಾ, ಕೂತ್ಕೋ. ಅವತ್ತು ಏನೇನಾಯ್ತು, ಮೊದಲಿಂದ ಹೇಳು. ನಾನು ಬರ್ಕೋತೀನಿ." ಔಷಧಿ ಅಂಗಡಿಯಾಕೆ ತಮ್ಮ ಕುರ್ಚಿಯನ್ನೂ ಅತ್ತಲೇ ಎಳೆದುಕೊಂಡರು. ಅಧ್ಯಕ್ಷರು ಸ್ವಲ್ಪ ಹೊತ್ತು ಫೋನು ನೋಡುತ್ತಾ ಕುಳಿತಿದ್ದು, ಸಿಮೆಂಟಿನ ಲಾರಿ ಬರುವ ಹೊತ್ತಾಯಿತೆಂದು ಎದ್ದು ಹೋದರು.

ದೂರು ಅವತ್ತೇ ಠಾಣೆಗೆ ಹೋಯಿತು. ವಾರದೊಳಗೆ ಗುಮಾಸ್ತನನ್ನು ಕೆಲಸದಿಂದ ತೆಗೆದರು. ಕೇಸು ಇನ್ನೂ ನಡೆಯುತ್ತಿದೆ. ಹುಡುಗಿಗೆ ಮಂಗಳವಾರವೇ ಪ್ರವೇಶಪತ್ರ ಸಿಕ್ಕಿತು. ಎಲ್ಲಾ ತಮ್ಮದೇ ತೀರ್ಮಾನ ಎಂದು ಅಧ್ಯಕ್ಷರು ಹೇಳಿಕೊಂಡು ತಿರುಗಿದರು. ಯಾರೂ ಅಡ್ಡ ಬರಲಿಲ್ಲ. ಮುಂದಿನ ವರ್ಷದಿಂದ ಸಿದ್ಧ ಉಡುಪನ್ನೇ ತರಿಸುವುದಾಗಿ ಟೇಪಮ್ಮನಿಗೆ ಪತ್ರ ಬಂದದ್ದು ಮಾತ್ರ ಆ ತೀರ್ಮಾನಗಳಲ್ಲಿ ನಿಜವಾಗಿ ಅಧ್ಯಕ್ಷರದು.

ಬೀದಿಗೆ ಮತ್ತೆ ಮಾತು ಸಿಕ್ಕಿತು. "ಬೇಕಿತ್ತಾ ಇವರಿಗೆ? ತಮ್ಮ ಹೊಟ್ಟೆ ಮೇಲೆ ತಾವೇ ಹೊಡ್ಕೊಂಡ್ರು." ಒಂದು ಸಂಜೆ ಪಕ್ಕದ ಮನೆಯಾಕೆ ಇದನ್ನೇ ಸಮಾಧಾನದ ದನಿಯಲ್ಲಿ ಹೇಳಲು ಬಂದಾಗ ಟೇಪಮ್ಮನ ಯಜಮಾನರು ಗುಂಡಿ ಡಬ್ಬದಲ್ಲಿ ಬಿಳಿಯದನ್ನೂ ಕಪ್ಪನ್ನೂ ಬೇರ್ಪಡಿಸುತ್ತಾ ಕುಳಿತಿದ್ದರು. ಮಾತು ಕಡಿಮೆಯ ಮನುಷ್ಯ. ತಲೆಯೆತ್ತದೆ, "ಹೊಟ್ಟೆ ಅವಳದೂ ಹೌದು, ನನ್ನದೂ ಹೌದು. ನನ್ನದಂತೂ ತುಂಬಿದೆ ತಾಯಿ" ಎಂದರು. ಆಕೆ ಕುಡಿದ ಚಹಾದ ಲೋಟವನ್ನೂ ಇಟ್ಟು ಹೋಗುವುದು ಮರೆತು ಮನೆಗೆ ಹೋದರು.

ಈಗ ಟೇಪಮ್ಮ ಆಸ್ಪತ್ರೆಗೆ ಪರದೆ, ದಿಂಬಿನ ಚೀಲ ಹೊಲಿಯುತ್ತಾರೆ. "ಪರದೆಯೇ ವಾಸಿ. ಎಲ್ಲಿ ತನಕ ಇಳಿಬಿಡಬೇಕು ಅಂತ ಸಭೆ ಕರೆಯಲ್ಲ" ಎನ್ನುತ್ತಾರೆ. ಹಳೆಯ ಹುಡುಗಿಯರು, ಅವರಲ್ಲಿ ಕೆಲವರು ಈಗ ತಾಯಂದಿರು, ತಮ್ಮ ಬಟ್ಟೆ ಅವರ ಹತ್ತಿರವೇ ತರುತ್ತಾರೆ. ನಾನೂ ಒಯ್ಯುತ್ತೇನೆ. ಹಾಗೆ ಹೋದಾಗಲೇ ಒಮ್ಮೆ, ಇಸ್ತ್ರಿ ಕಾಯುವುದನ್ನು ಕಾಯುತ್ತಾ, ಅವರು ನನಗೆ ಆ ಒಳಗಿನ ಕೋಣೆಯ ಕತೆ ಹೇಳಿದ್ದು. ಹೇಳಿ ಮುಗಿಸಿ, "ನೀನ್ಯಾಕೆ ಹೋದೆ ಅಂತ ಅಮ್ಮ ಕೇಳಿದಾಗ ನನಗೆ ಉತ್ತರ ಗೊತ್ತಿರ್ಲಿಲ್ಲ ನೋಡು" ಎಂದರು. ನಾನು ಅವರ ಪುಸ್ತಕದ ಒಂದು ಪುಟದಲ್ಲಿದ್ದೇನೆ ಎನ್ನುವುದೇ ಆ ಹೊತ್ತಿಗೆ ನನಗೆ ದೊಡ್ಡ ಮಾತಾಗಿತ್ತು.

ಪರೀಕ್ಷೆಯ ಮೊದಲ ದಿನ ನಲ್ಲಿಯಣ್ಣನ ಮಗಳು ಬೆಳಗ್ಗೆ ಎಂಟೂವರೆಗೆ ಬೀದಿಯಲ್ಲಿ ಬಂದಳು. ಅದೇ ಸ್ಕರ್ಟು. ಹೊಸದು ಹೊಲಿಸೋಣ ಎಂದು ತಂದೆ ಎಷ್ಟು ಹೇಳಿದರೂ ಕೇಳಿರಲಿಲ್ಲ. ಅವರು ಎರಡು ಹೆಜ್ಜೆ ಹಿಂದೆ, ಪೈಪು ತಿರುಗಿಸುವ ಪಾನಾ ಇರುವ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬರುತ್ತಿದ್ದರು. ಮಾತಾಡಿಕೊಳ್ಳುತ್ತಿದ್ದ ಬಾಗಿಲುಗಳು ಅವಳು ಹತ್ತಿರ ಬಂದಂತೆ ಸುಮ್ಮನಾದವು. ಅವಳು ಯಾವ ಬಾಗಿಲ ಕಡೆಗೂ ನೋಡದೆ, ಬೀದಿಯ ನಟ್ಟನಡುವೆ ನಡೆದಳು.

ಟೇಪಮ್ಮ ಮಿಷನ್ನಿನಿಂದ ಏಳಲಿಲ್ಲ; ಹನ್ನೊಂದಕ್ಕೆ ಆಸ್ಪತ್ರೆಯವರು ಪರದೆಗೆ ಬರುವವರಿದ್ದರು. ಕಾಲನ್ನು ಮಾತ್ರ ಪೆಡಲಿನ ಮೇಲೆ ನಿಲ್ಲಿಸಿದರು.

"ಪೆನ್ನು ಎರಡು ಇಟ್ಕೊಂಡಿದೀಯಾ?"

"ಮೂರಿದೆ ಅಜ್ಜಿ."

"ಹೋಗು ಮತ್ತೆ, ಹೊತ್ತಾಯ್ತು."

ಅವಳು ಹೋದಳು.